ಬಿದಿರಿನ ಬಟ್ಟೆ ತಗೋಬಹುದಾ?

ಪ್ರಶ್ನೆ: ನಾನು ದಾವಣಗೆರೆಯವಳು. ಫ್ಯಾಷನ್ ಡಿಸೈನಿಂಗ್ ಡಿಪ್ಲೊಮಾ ಮುಗಿಸಿ, ಇಬ್ಬರು ಟೈಲರ್‌ಗಳನ್ನು ಇಟ್ಟುಕೊಂಡು ಸಣ್ಣ ಬೊಟಿಕ್ ನಡೆಸುತ್ತಿದ್ದೇನೆ. ಪರಿಸರಸ್ನೇಹಿ ಕುರ್ತಾಗಳ ನನ್ನದೇ ಲೇಬಲ್ ಮಾಡಬೇಕು ಎಂಬ ಆಸೆ ಇದೆ. ಬೆಂಗಳೂರಿನ ಸಗಟು ವ್ಯಾಪಾರಿಯೊಬ್ಬರು ‘ಬಿದಿರಿನ ಬಟ್ಟೆ ತಗೊಳ್ಳಿ, ನೂರಕ್ಕೆ ನೂರು ನೈಸರ್ಗಿಕ’ ಎನ್ನುತ್ತಾರೆ. ಇನ್ನೊಬ್ಬರು ಆರ್ಗ್ಯಾನಿಕ್ ಹತ್ತಿ ಎನ್ನುತ್ತಾರೆ. ನೀರಿನ ಬಾಟಲಿಯಿಂದ ಮಾಡಿದ ಪಾಲಿಯೆಸ್ಟರ್ ಕೂಡ ಇದೆಯಂತೆ. ಕೈಮಗ್ಗ, ನೈಸರ್ಗಿಕ ಬಣ್ಣ ಎಂದರೆ ನಮ್ಮ ಗಿರಾಕಿಗಳಿಗೆ ಬೆಲೆ ಜಾಸ್ತಿ ಆಗುತ್ತದೆ. ಇವುಗಳಲ್ಲಿ ನಿಜವಾಗಿ ಒಳ್ಳೆಯದು ಯಾವುದು? ಮೊದಲ ಐವತ್ತು ಕುರ್ತಾಗಳಿಗೆ ಏನು ಆರಿಸಲಿ?

ಉತ್ತರ: ಬಿದಿರಿನಿಂದಲೇ ಶುರು ಮಾಡುತ್ತೇನೆ. ಅದರ ಕಥೆಯ ಒಂದು ಭಾಗ ನಿಮ್ಮೂರಿನ ಪಕ್ಕದಲ್ಲೇ ನಡೆದಿದೆ.

ಬಿದಿರಿನಿಂದ ಬುಟ್ಟಿ ಹೆಣೆಯಬಹುದು, ಏಣಿ ಮಾಡಬಹುದು. ಅಷ್ಟು ಗಟ್ಟಿ ವಸ್ತುವಿನಿಂದ ರೇಷ್ಮೆಯ ಹಾಗೆ ಜಾರುವ ಬಟ್ಟೆ ಹೇಗೆ ಬರುತ್ತದೆ ಎಂದು ಆ ವ್ಯಾಪಾರಿಯನ್ನು ಕೇಳಿದಿರಾ? ಕೇಳಿದ್ದರೆ ಅವರು ಮಾತು ಬದಲಾಯಿಸುತ್ತಿದ್ದರು. ಬಿದಿರನ್ನು ಚೂರು ಮಾಡಿ, ಬೇಯಿಸಿ, ಕಾಗದಕ್ಕೆ ಮಾಡುವ ಹಾಗೆ ಪಲ್ಪ್ ಮಾಡುತ್ತಾರೆ. ಆ ಪಲ್ಪನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿ, ಜೇನಿನ ಹದದ ಅಂಟು ದ್ರಾವಣ ಮಾಡುತ್ತಾರೆ. ಅದನ್ನು ಸಣ್ಣ ತೂತುಗಳಿಂದ, ಶಾವಿಗೆ ಒತ್ತಿದ ಹಾಗೆ, ಸಲ್ಫ್ಯೂರಿಕ್ ಆಮ್ಲದ ತೊಟ್ಟಿಗೆ ಒತ್ತಿದಾಗ ಎಳೆ ಗಟ್ಟಿಯಾಗಿ ಹೊರಬರುತ್ತದೆ. ಇದಕ್ಕೆ ವಿಸ್ಕೋಸ್ ಎಂದು ಹೆಸರು. ನಮ್ಮ ಅಮ್ಮಂದಿರು ರೇಯಾನ್ ಅಂತಿದ್ದರಲ್ಲ, ಅದೇ. ಹೀಗೆ ಕರಗಿಸಿ ಮರಳಿ ಎಳೆದ ನೂಲಿನಲ್ಲಿ ಬಿದಿರಿನ ಗುಣ ಏನೂ ಉಳಿದಿರುವುದಿಲ್ಲ. ನೀಲಗಿರಿ ಮರದಿಂದ ಮಾಡಿದರೂ ಅದೇ ಎಳೆ ಬರುತ್ತದೆ. ಬಿದಿರಿಗೆ ಗೊಬ್ಬರ ಬೇಡ, ಬೇಗ ಬೆಳೆಯುತ್ತದೆ ಎನ್ನುವುದೆಲ್ಲ ನಿಜವೇ. ಆದರೆ ಅದು ಗಿಡದ ಮಾತು, ಬಟ್ಟೆಯ ಮಾತಲ್ಲ. ಕಾರ್ಬನ್ ಡೈಸಲ್ಫೈಡ್ ಹಬೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ನರಗಳ ತೊಂದರೆ, ಬುದ್ಧಿಭ್ರಮಣೆ ಬರುತ್ತದೆ ಎನ್ನುವುದು ನೂರು ವರ್ಷಕ್ಕಿಂತ ಹಿಂದಿನಿಂದಲೇ ಗೊತ್ತಿರುವ ಸಂಗತಿ.

ಗ್ರಾಹಕರಿಗೆ ಮೋಸ ಆಗದಂತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಈ ವಿಷಯದಲ್ಲಿ 2009ರಿಂದಲೇ ಬೆನ್ನು ಹತ್ತಿದೆ. ರೇಯಾನ್ ಅನ್ನು ‘ಬಿದಿರು’ ಎಂದು ಮಾರಿದ್ದಕ್ಕೆ 2013ರಲ್ಲಿ ಅಮೆಜಾನ್, ಮೇಸೀಸ್, ಸಿಯರ್ಸ್ ಸೇರಿದಂತೆ ನಾಲ್ಕು ಕಂಪನಿಗಳು ಒಟ್ಟು 12.6 ಲಕ್ಷ ಡಾಲರ್ ದಂಡ ಕಟ್ಟಿದವು. 2022ರಲ್ಲಿ ವಾಲ್‌ಮಾರ್ಟ್ ಮತ್ತು ಕೋಲ್ಸ್ ಸೇರಿ 55 ಲಕ್ಷ ಡಾಲರ್ ಕಟ್ಟಬೇಕಾಯಿತು. ಅಷ್ಟು ದೊಡ್ಡ ಅಂಗಡಿಗಳೇ ಸಿಕ್ಕಿಬಿದ್ದ ಮಾತನ್ನು ನೀವು ನಿಮ್ಮ ಲೇಬಲ್ ಮೇಲೆ ಯಾಕೆ ಬರೆಯಬೇಕು?

ಇನ್ನು ನಿಮ್ಮ ಪಕ್ಕದ ಕಥೆ. ದಾವಣಗೆರೆಯಿಂದ ಅರ್ಧ ಗಂಟೆಯ ದಾರಿ ಹರಿಹರ. ಹೊಳೆ ದಾಟಿದರೆ ಕುಮಾರಪಟ್ಟಣ. ಅಲ್ಲಿ 1972ರಲ್ಲಿ ರೇಯಾನ್‌ಗೆ ಬೇಕಾದ ಪಲ್ಪ್ ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಶುರುವಾಯಿತು. ಅದಕ್ಕೆ ಬೇಕಿದ್ದದ್ದು ಎರಡು: ತುಂಗಭದ್ರೆಯ ನೀರು ಮತ್ತು ನೀಲಗಿರಿ ಮರ. 1980ರ ದಶಕದಲ್ಲಿ ಎರಡಕ್ಕೂ ಜಗಳ ಹತ್ತಿತು. ಹೊಳೆಯಲ್ಲಿ ಮೀನು ಸತ್ತು ತೇಲಿದವು, ಕೆಳಗಿನ ಹಳ್ಳಿಗಳ ಜನ ನೀರಿನ ಬಗ್ಗೆ ದೂರಿದರು. 1984ರಲ್ಲಿ ಸರ್ಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಸಂಸ್ಥೆ ಮಾಡಿ, ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಸರ್ಕಾರಿ ಜಮೀನು ಕೊಡಲು ಹೊರಟವು. ಅದು ಹಳ್ಳಿಯವರ ದನ ಮೇಯುವ ಜಾಗ, ಸೌದೆ ತರುವ ಜಾಗ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೋರಾಟಕ್ಕೆ ಇಳಿಯಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟ್‌ಗೆ ಹೋದ ಅರ್ಜಿದಾರರಲ್ಲಿ ಒಬ್ಬರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಎಂದು ಅದಕ್ಕೆ ಹೆಸರು ಬಂತು. ಮುಂದೆ ಆ ಜಂಟಿ ಸಂಸ್ಥೆ ಮುಚ್ಚಿತು.

ಇದೆಲ್ಲ ನಿಮ್ಮ ಕುರ್ತಾಗೆ ಯಾಕೆ ಎನ್ನಬೇಡಿ. ಮರದಿಂದ ಬಂದ ಬಟ್ಟೆ ‘ನೈಸರ್ಗಿಕ’ ಎಂದು ಯಾರಾದರೂ ಹೇಳಿದರೆ ಮರ ಯಾರ ಜಮೀನಿನದು, ತೊಳೆದ ನೀರು ಎಲ್ಲಿಗೆ ಹೋಯಿತು ಎಂದು ಕೇಳುವ ಅಭ್ಯಾಸ ನಮ್ಮ ಕಡೆಯವರಿಗೆ ಇತ್ತು. ಆಮೇಲೆ ತಂತ್ರಜ್ಞಾನ ಬದಲಾಗಿದೆ, ನಿಯಮ ಬಿಗಿಯಾಗಿದೆ. ಲಯೊಸೆಲ್ ಎಂಬ ಇನ್ನೊಂದು ವಿಧಾನದಲ್ಲಿ ಕಾರ್ಬನ್ ಡೈಸಲ್ಫೈಡ್ ಬೇಕೇ ಇಲ್ಲ. ಪಲ್ಪ್ ಕರಗಿಸುವ ದ್ರಾವಕವನ್ನು ಹೆಚ್ಚೂಕಮ್ಮಿ ಪೂರ್ತಿ ಮರಳಿ ಹಿಡಿದು ಬಳಸುತ್ತಾರೆ. ಮರದ ಬಟ್ಟೆಯೇ ಬೇಕು ಎನ್ನುವ ಗಿರಾಕಿ ಇದ್ದರೆ ಲಯೊಸೆಲ್ ಕೊಡಿ. ಬೆಲೆ ಸ್ವಲ್ಪ ಜಾಸ್ತಿ.

ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಎಳೆ ಸುಟ್ಟು ನೋಡುವುದು ನಿಮಗೆ ಕಾಲೇಜಿನಲ್ಲಿ ಗೊತ್ತಾಗಿರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಹತ್ತಿ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ. ಆದರೆ ವಿಸ್ಕೋಸ್ ಕೂಡ ಹತ್ತಿಯ ಹಾಗೇ ಉರಿಯುವುದರಿಂದ ಅಲ್ಲಿ ಮೋಸ ಹೋಗುತ್ತೀರಿ. ಬದಲಿಗೆ ಒಂದು ನೂಲು ಬಿಚ್ಚಿ, ಮಧ್ಯಭಾಗವನ್ನು ನಾಲಗೆಯಲ್ಲಿ ಒದ್ದೆ ಮಾಡಿ, ಎರಡೂ ತುದಿ ಹಿಡಿದು ಎಳೆಯಿರಿ. ಒದ್ದೆಯಾದಾಗ ವಿಸ್ಕೋಸ್ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ, ಒದ್ದೆ ಜಾಗದಲ್ಲೇ ಪಟ್ಟನೆ ಹರಿಯುತ್ತದೆ. ಹತ್ತಿ ಒದ್ದೆಯಾದಷ್ಟೂ ಗಟ್ಟಿ. ಬಕೆಟ್‌ನಲ್ಲಿ ನೆನೆಸಿ ಕಲ್ಲಿಗೆ ಒಗೆಯುವ ಮನೆಗಳಲ್ಲಿ ಹತ್ತಿ ಬಾಳುವುದಕ್ಕೂ ರೇಯಾನ್ ಬೇಗ ಪಿಸಿಯುವುದಕ್ಕೂ ಇದೇ ಕಾರಣ. ಹತ್ತಿ ಬೆರಸಿದ ನೂಲಿನಲ್ಲಿ ಈ ಪರೀಕ್ಷೆ ಅಷ್ಟು ಸ್ಪಷ್ಟವಾಗಿ ಬರುವುದಿಲ್ಲ.

ಬಾಟಲಿ ಪಾಲಿಯೆಸ್ಟರ್ ವಿಷಯ ಬೇಗ ಮುಗಿಸುತ್ತೇನೆ. ಹಳೆಯ ಬಾಟಲಿಯಿಂದ ಮತ್ತೆ ಬಾಟಲಿ ಮಾಡಬಹುದು, ಅದರಿಂದ ಮತ್ತೊಂದು ಬಾಟಲಿ ಮಾಡಬಹುದು. ಅದನ್ನು ಕುರ್ತಾ ಮಾಡಿದಿರೋ, ಆ ಓಟ ಅಲ್ಲಿಗೆ ನಿಂತಂತೆ. ಜಗತ್ತಿನಲ್ಲಿ ಹಳೆಯ ಬಟ್ಟೆಯಿಂದ ಮತ್ತೆ ಹೊಸ ನೂಲಾಗುವುದು ಶೇ 1ಕ್ಕಿಂತ ಕಡಿಮೆ. ಮೇಲಾಗಿ ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಹೋಗುತ್ತವೆ. ಸಮುದ್ರಕ್ಕೆ ನೇರವಾಗಿ ಸೇರುವ ಸೂಕ್ಷ್ಮ ಪ್ಲಾಸ್ಟಿಕ್‌ನಲ್ಲಿ ಸುಮಾರು ಶೇ 35 ಕೃತಕ ಬಟ್ಟೆ ಒಗೆಯುವುದರಿಂದಲೇ ಬರುತ್ತದೆ ಎಂದು 2017ರಲ್ಲಿ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಅಂದಾಜು ಮಾಡಿತ್ತು. ಬೆವರು ಸುರಿಯುವ ದಾವಣಗೆರೆಯ ಏಪ್ರಿಲ್‌ನಲ್ಲಿ ಪಾಲಿಯೆಸ್ಟರ್ ಕುರ್ತಾ ಹಾಕಿಕೊಂಡು ಯಾರೂ ನಿಮ್ಮನ್ನು ಹರಸುವುದೂ ಇಲ್ಲ. ಮಳೆ ಕೋಟಿಗೆ, ಬ್ಯಾಗಿಗೆ ಇರಲಿ ಬಿಡಿ.

ಹತ್ತಿಗೆ ಬರೋಣ. ‘ಒಂದು ಟೀ-ಶರ್ಟಿಗೆ 2,700 ಲೀಟರ್ ನೀರು’ ಎನ್ನುವ ಅಂಕಿ ನಿಮ್ಮ ಪಾಠದಲ್ಲೂ ಬಂದಿರಬೇಕು. ಅದು ಎಲ್ಲ ಕಡೆಯ ಸರಾಸರಿ. ಕಾಲುವೆ ನೀರು ಹಾಯಿಸಿ ಬೆಳೆದ ಹತ್ತಿಯೂ ಅದರಲ್ಲಿದೆ, ಬರೀ ಮಳೆ ನಂಬಿ ಬೆಳೆದದ್ದೂ ಇದೆ. ಧಾರವಾಡ, ಗದಗ ಕಡೆಯ ಎರೆ ಹೊಲದಲ್ಲಿ ಜಯಧರ ಎಂಬ ದೇಸಿ ಹತ್ತಿ ಇದೆ. ಮುಂಗಾರು ಹಿಂದಾದ ಮೇಲೆ ಬಿತ್ತಿ, ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆ ತೆಗೆಯುತ್ತಾರೆ. ನೀರು ಕಟ್ಟುವುದಿಲ್ಲ. ರಸ ಹೀರುವ ಹುಳುಗಳ ಕಾಟವನ್ನೂ ತಡೆದುಕೊಳ್ಳುತ್ತದೆ. ಈ ಜಾತಿಯ ಹತ್ತಿ ಒಂದು ಕಾಲದಲ್ಲಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಅದಕ್ಕೇ ಬ್ರಿಟಿಷ್ ವ್ಯಾಪಾರಿಗಳ ಕಡತದಲ್ಲಿ ಅದರ ಹೆಸರೇ ‘ಕುಮಟಾ’. ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ ಎನ್ನುವುದು ಬೇರೆ ಮಾತು!

ಜಯಧರದ ಎಳೆ ಗಿಡ್ಡ. ವೇಗದ ಮಿಲ್‌ಗಳಿಗೆ ಉದ್ದ ಎಳೆ ಬೇಕು. ದಪ್ಪ ನೂಲಿಗೆ, ಖಾದಿಗೆ ಇದು ಹೊಂದುತ್ತದೆ. ಅಂಥ ಬಟ್ಟೆ ಸಿಕ್ಕಿದರೆ ಬಿಡಬೇಡಿ. ಎಲ್ಲ ಕಡೆ ಸಿಗುವುದಿಲ್ಲ, 2002ರಲ್ಲಿ ಬಿಟಿ ಹತ್ತಿ ಬಂದ ಮೇಲೆ ಇಂಥ ತಳಿಗಳ ಹೊಲ ಸಣ್ಣದಾಗುತ್ತಲೇ ಹೋಗಿದೆ. ನಮ್ಮ ರಾಷ್ಟ್ರಧ್ವಜವನ್ನು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯಿಂದ ಹೊಲಿಯುತ್ತಾರೆ, ಗೊತ್ತಲ್ವಾ? 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಧ್ವಜಕ್ಕೂ, ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಒಪ್ಪಿಗೆ ಕೊಟ್ಟರು. ನನಗೆ ಆ ಸುದ್ದಿ ಓದಿ ಆದ ಬೇಜಾರು ಇನ್ನೂ ಹೋಗಿಲ್ಲ.

‘ಆರ್ಗ್ಯಾನಿಕ್’ ಎಂದ ಮಾತ್ರಕ್ಕೆ ನಂಬಬೇಡಿ. 2020ರಲ್ಲಿ ಆರ್ಗ್ಯಾನಿಕ್ ಬಟ್ಟೆಗೆ ಕೊಡುವ ಗಾಟ್ಸ್ ಎಂಬ ಪ್ರಮಾಣಪತ್ರ ವ್ಯವಸ್ಥೆಯವರೇ ಭಾರತದಲ್ಲಿ 20,000 ಟನ್ ಹತ್ತಿಗೆ ನಕಲಿ ಪತ್ರ ಸೃಷ್ಟಿಸಿದ್ದನ್ನು ಪತ್ತೆ ಮಾಡಿದರು. ವ್ಯಾಪಾರಿ ಗೋಡೆಗೆ ನೇತುಹಾಕಿದ ಚೌಕಟ್ಟಿನ ಪ್ರಮಾಣಪತ್ರ ತೋರಿಸಿದರೆ ಸಾಲದು. ನಿಮಗೆ ಕೊಡುವ ಆ ಲಾಟಿನ ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ ಕೇಳಿ. ಐವತ್ತು ಕುರ್ತಾದ ಗಿರಾಕಿಗೆ ಅದನ್ನು ಕೊಡಲು ಅವರು ಹಿಂದೆಮುಂದೆ ನೋಡುತ್ತಾರೆ, ಅದೂ ನಿಜ. ಕೊಡದಿದ್ದರೆ ನೀವು ಆ ಪದ ಬಳಸಬೇಡಿ, ಬಟ್ಟೆ ಚೆನ್ನಾಗಿದ್ದರೆ ‘ಹತ್ತಿ’ ಎಂದಷ್ಟೇ ಮಾರಿ.

ಇಷ್ಟು ಹೊತ್ತು ನೀವು ಕೇಳಿದ್ದಕ್ಕೆ ಉತ್ತರ ಹೇಳಿದೆ. ಇನ್ನು ನೀವು ಕೇಳದೆ ಬಿಟ್ಟದ್ದನ್ನು ಹೇಳುತ್ತೇನೆ, ಅದೇ ಮುಖ್ಯ. ಬಟ್ಟೆಗೆ ಬಣ್ಣ ಎಲ್ಲಿ ಹಾಕುತ್ತಾರೆ?

ನಾನು ಕೆಲಸ ಕಲಿತದ್ದು ಡೈಯಿಂಗ್ ಘಟಕದಲ್ಲಿ. ಮೊದಲ ದಿನ ನನ್ನನ್ನು ಬೆಚ್ಚಿಬೀಳಿಸಿದ್ದು ಬಣ್ಣವಲ್ಲ, ಉಪ್ಪಿನ ಮೂಟೆಗಳು. ಗೋದಾಮಿನ ತುಂಬ ಉಪ್ಪು! ಹತ್ತಿಗೆ ಈಗ ಹೆಚ್ಚಾಗಿ ಹಾಕುವುದು ರಿಯಾಕ್ಟಿವ್ ಬಣ್ಣ. ಅದು ನೀರಿನಲ್ಲಿ ತುಂಬಾ ಚೆನ್ನಾಗಿ ಕರಗುತ್ತದೆ. ಅಷ್ಟು ಚೆನ್ನಾಗಿ ಕರಗುವುದರಿಂದ ನೀರು ಬಿಟ್ಟು ಬಟ್ಟೆಗೆ ಬರಲು ಒಪ್ಪುವುದಿಲ್ಲ. ಅದನ್ನು ಬಟ್ಟೆಯ ಕಡೆ ತಳ್ಳಲು ಉಪ್ಪು ಬೇಕು. ಲೆಕ್ಕ ನೋಡಿ. ಒಂದು ಕೆಜಿ ಬಟ್ಟೆಗೆ ಹತ್ತು ಲೀಟರ್ ನೀರು ಇಟ್ಟುಕೊಂಡರೆ, ಕಡುನೀಲಿಗೋ ಕಪ್ಪಿಗೋ ಲೀಟರಿಗೆ 60 ಗ್ರಾಂ ಉಪ್ಪು ಹಾಕುವುದು ಮಾಮೂಲು. ಕೆಜಿ ಬಟ್ಟೆಗೆ 600 ಗ್ರಾಂ ಆಯಿತು. ನಿಮ್ಮ ಕುರ್ತಾ ಕಾಲು ಕೆಜಿ ತೂಗಿದರೆ ಒಂದು ಕುರ್ತಾಗೆ 150 ಗ್ರಾಂ ಉಪ್ಪು. ಅದರ ಒಂದು ಹರಳೂ ಬಟ್ಟೆಯಲ್ಲಿ ಉಳಿಯುವುದಿಲ್ಲ. ಪೂರ್ತಿ ನೀರಿನೊಂದಿಗೆ ಹೊರಗೆ ಹೋಗುತ್ತದೆ. ಹಾಕಿದ ಬಣ್ಣದಲ್ಲೂ ಸಾಮಾನ್ಯವಾಗಿ ಶೇ 60ರಿಂದ 80ರಷ್ಟೇ ಬಟ್ಟೆಗೆ ಹಿಡಿಯುತ್ತದೆ, ಉಳಿದದ್ದು ತೊಳೆದು ಹೋಗುತ್ತದೆ. ಹೊರಹೋದ ನೀರಿನ ಬಣ್ಣವನ್ನು ಶುದ್ಧೀಕರಣ ಘಟಕದಲ್ಲಿ ತೆಗೆಯಬಹುದು. ಉಪ್ಪನ್ನು ಸಾಮಾನ್ಯ ಘಟಕ ಏನೂ ಮಾಡಲಾರದು.

ಹೀಗೆ ಹೋದ ಉಪ್ಪು ಏನು ಮಾಡುತ್ತದೆ ಎಂದು ತಿಳಿಯಲು ತಿರುಪ್ಪೂರಿನ ಕಡೆ ನೋಡಬೇಕು. ನೊಯ್ಯಲ್ ನದಿಗೆ ಒರತ್ತುಪಾಳೆಯಂ ಎಂಬಲ್ಲಿ ಒಂದು ಅಣೆಕಟ್ಟು ಕಟ್ಟಿದರು. 1992ರಲ್ಲಿ ಅದು ಶುರುವಾದದ್ದು ರೈತರ ಹೊಲಕ್ಕೆ ನೀರು ಕೊಡಲು. ಕೆಲವೇ ವರ್ಷಗಳಲ್ಲಿ ಅದು ಬಣ್ಣದ ಕಾರ್ಖಾನೆಗಳ ನೀರು ತುಂಬುವ ತೊಟ್ಟಿಯಾಯಿತು. ಆ ನೀರು ಹಾಯಿಸಿದರೆ ಹೊಲ ಸವಳಾಗುತ್ತಿತ್ತು. ರೈತರೇ ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಒಂದೇ ಏಟಿಗೆ ತಿರುಪ್ಪೂರಿನ ಎಲ್ಲ ಡೈಯಿಂಗ್, ಬ್ಲೀಚಿಂಗ್ ಘಟಕಗಳನ್ನು ಮುಚ್ಚಿಸಿತು. ಒಂದು ಹನಿ ತ್ಯಾಜ್ಯ ನೀರೂ ಹೊರಗೆ ಬಿಡದ ವ್ಯವಸ್ಥೆ ಮಾಡಿಕೊಂಡ ಮೇಲೆ ತೆರೆಯಿರಿ ಎಂದಿತು. ಈಗ ಅಲ್ಲಿ ನೀರನ್ನು ಆರ್‌ಒ ಪೊರೆಗಳಲ್ಲಿ ಸೋಸಿ, ಉಳಿದದ್ದನ್ನು ಕಾಯಿಸಿ ಆವಿ ಮಾಡಿ, ಉಪ್ಪು ಬೇರೆ ಮಾಡಿ ಮರಳಿ ಬಳಸುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಆವಿ ಮಾಡಲು ಬೆಂಕಿ ಬೇಕು, ವಿದ್ಯುತ್ ಬೇಕು. ಹೊಳೆಗೆ ಹೋಗುತ್ತಿದ್ದ ಹೊರೆಯಲ್ಲಿ ಒಂದು ಪಾಲು ಚಿಮಣಿಗೆ ಹೋಯಿತು ಎನ್ನಿ.

ಈಗ ಡಿಸೈನರ್ ಆದ ನಿಮ್ಮ ಕೈಯಲ್ಲಿ ಏನಿದೆ ನೋಡಿ. ತಿಳಿ ಬಣ್ಣಕ್ಕೆ ಲೀಟರಿಗೆ 60 ಗ್ರಾಂ ಉಪ್ಪು ಬೇಡ, 20 ಗ್ರಾಂ ಸಾಕಾಗಬಹುದು. ತೊಳೆಯುವ ಸುತ್ತುಗಳೂ ಕಡಿಮೆ. ಕೋರಾ ಬಟ್ಟೆಗೆ, ಅಂದರೆ ಮಗ್ಗದಿಂದ ಇಳಿದ ಹಾಗೇ ಇರುವ ಕೆನೆ ಬಣ್ಣದ ಬಟ್ಟೆಗೆ ಉಪ್ಪೇ ಬೇಡ. ನೀವು ಶೇಡ್ ಕಾರ್ಡ್ ಮೇಲೆ ಬೆರಳಿಟ್ಟು ‘ಈ ಕಪ್ಪು’ ಎಂದ ಕ್ಷಣ ಎಲ್ಲೋ ಒಂದು ಕಡೆ ಮೂಟೆ ಬಿಚ್ಚುತ್ತಾರೆ. ಕಪ್ಪು ಬೇಡ ಎನ್ನುತ್ತಿಲ್ಲ, ನನಗೂ ಕಪ್ಪು ಅಂಗಿ ಇಷ್ಟ. ಕುರ್ತಾ ಪೂರ್ತಿ ಕೋರಾ ಇಟ್ಟು, ಕೊರಳಿಗೆ, ತೋಳಿನ ಅಂಚಿಗೆ ಕಡುಬಣ್ಣ ಕೊಡಿ. ಗುಳೇದಗುಡ್ಡದ ಖಣದ ತುಂಡು ಇಟ್ಟು ನೋಡಿ, ಕೋರಾದ ಮೇಲೆ ಅದರ ಬಣ್ಣ ಹೇಗೆ ಎದ್ದು ಕಾಣುತ್ತದೆ ಎಂದು.

ಹೊಸ ಬಟ್ಟೆಗೆ ಹಳೆಯ ಕಳೆ ತರಿಸುವ ಚಾಳಿಯೂ ಇಂಥದ್ದೇ. ಬಳ್ಳಾರಿಯಂಥ ಕಡೆ ಹೊಲಿದ ಜೀನ್ಸ್ ಪ್ಯಾಂಟ್ ಅಂಗಡಿಗೆ ಬರುವ ಮುಂಚೆ ಎಷ್ಟು ಸಲ ತೊಳೆಸಿಕೊಂಡಿರುತ್ತದೆ ಎಂದು ವಾಷಿಂಗ್ ಘಟಕದವರನ್ನು ಕೇಳಬೇಕು. ತೊಡೆಯ ಮೇಲಿನ ಬಿಳಿಚು ಬರಲು ಪೊಟ್ಯಾಷಿಯಂ ಪರ್ಮಾಂಗನೇಟ್ ಸಿಂಪಡಿಸುತ್ತಾರೆ. ಮರಳು ಬಡಿದು ಬಣ್ಣ ತೆಗೆಯುವ ಕೆಲಸ ಎಷ್ಟೋ ಜನರ ಪುಪ್ಪುಸ ತಿಂದ ಮೇಲೆ ಟರ್ಕಿ 2009ರಲ್ಲಿ ಅದನ್ನು ನಿಷೇಧಿಸಿತು. ಆ ಸವಕಲು ಕಳೆಯನ್ನು ಪೇಪರ್ ಮೇಲೆ ಬರೆದವರು ಡಿಸೈನರ್‌ಗಳೇ.

ಹಾಗಾದರೆ ನೈಸರ್ಗಿಕ ಬಣ್ಣವೇ ಸರಿಯಾ? ನನಗೆ ಅದರ ಮೇಲೆ ಪ್ರೀತಿ ಇದೆ, ಕುರುಡು ನಂಬಿಕೆ ಇಲ್ಲ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ, ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಅಡಿಕೆ ಚೊಗರಿನಿಂದ ಬಣ್ಣ ತೆಗೆಯುತ್ತಾರೆ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ನೀರು ಮಲೆನಾಡಿನ ಮನೆಗಳಲ್ಲಿ ಧಾರಾಳವಾಗಿ ಸಿಗುವ ವಸ್ತು. ಊರಿನಲ್ಲಿ ಬಿದ್ದಿರುವುದನ್ನು ಬಣ್ಣ ಮಾಡುವುದು ಅಂದರೆ ಇದು. ದಾಳಿಂಬೆ ಸಿಪ್ಪೆ, ಅಣಲೆಕಾಯಿ ಕೂಡ ಹಾಗೇ. ಆದರೆ ಬರೀ ಸಿಪ್ಪೆ ಕುದಿಸಿ ಬಟ್ಟೆ ಅದ್ದಿದರೆ ಬಣ್ಣ ನಿಲ್ಲುವುದಿಲ್ಲ, ಹಿಡಿಸಲು ಲೋಹದ ಉಪ್ಪು ಬೇಕು. ಪಟಿಕ ಆದರೆ ಪರವಾಗಿಲ್ಲ. ಕಬ್ಬಿಣವೂ ಆದೀತು, ಬೆಲ್ಲದ ನೀರಿನಲ್ಲಿ ತುಕ್ಕು ಹಿಡಿದ ಮೊಳೆ ವಾರಗಟ್ಟಲೆ ನೆನೆಸಿಟ್ಟು ಕಪ್ಪು ತರಿಸುವ ಹಳೆಯ ಕ್ರಮ ಚೆನ್ನಾಗಿದೆ. ಮೈಲುತುತ್ತ ಹಾಕಿದರೆ, ಕ್ರೋಮ್ ಹಾಕಿದರೆ ಮುಗಿಯಿತು, ಆ ನೀರು ರಾಸಾಯನಿಕ ಬಣ್ಣದ ನೀರಿಗಿಂತ ಒಳ್ಳೆಯದು ಎನ್ನಲು ಬಾಯಿ ಬರುವುದಿಲ್ಲ. ಕೊಳ್ಳುವಾಗ ‘ಏನು ಹಾಕಿ ಹಿಡಿಸಿದ್ದೀರಿ’ ಎಂದು ಕೇಳಿ. ಗೊತ್ತಿರುವ ಬಣ್ಣಗಾರ ಖುಷಿಯಿಂದ ಹೇಳುತ್ತಾನೆ.

ನಾನೇ ಒಮ್ಮೆ ಮುಗ್ಗರಿಸಿದ್ದು ಹೇಳುತ್ತೇನೆ. ಗೆಳೆಯನೊಬ್ಬನ ಅಂಗಡಿಗೆ ಅರಿಶಿನದಲ್ಲಿ ಅದ್ದಿದ ದುಪಟ್ಟಾಗಳನ್ನು ಮಾಡಿಸಿ ಕೊಟ್ಟೆ. ಎಂಥ ಹಳದಿ! ಅವನು ಹೆಮ್ಮೆಯಿಂದ ಗಾಜಿನ ಕಿಟಕಿಯಲ್ಲಿ ಮಡಿಚಿ ಜೋಡಿಸಿದ. ಹದಿನೈದು ದಿನಕ್ಕೆ ಬಿಸಿಲು ಬಿದ್ದ ಮಗ್ಗುಲೆಲ್ಲ ಬಿಳಿಚಿ, ಬಿಚ್ಚಿದರೆ ಪಟ್ಟೆ ಪಟ್ಟೆ. ಅರಿಶಿನ ಬಿಸಿಲಿಗೆ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು, ಆ ಬಣ್ಣ ನೋಡಿ ಮರುಳಾಗಿದ್ದೆ. ಒಂದು ಮಳೆಗಾಲಕ್ಕೆ ಮಾಸಿ ಮೂಲೆ ಸೇರುವ ಬಟ್ಟೆಗೆ ಏನು ಬಣ್ಣ ಹಾಕಿದ್ದರೇನು? ನೀಲಿ ಗಿಡದ ಬಣ್ಣ ಮತ್ತು ಮಂಜಿಷ್ಠ ಬೇರಿನ ಕೆಂಪು ಬಾಳುತ್ತವೆ. ದಾಳಿಂಬೆ, ಅಣಲೆ ಸಾಧಾರಣ. ಯಾವುದೇ ಬಟ್ಟೆಯನ್ನು ಅರ್ಧ ಭಾಗ ರಟ್ಟಿನಿಂದ ಮುಚ್ಚಿ ಟೆರೇಸಿನ ಬಿಸಿಲಿನಲ್ಲಿ ಹತ್ತು ದಿನ ಇಟ್ಟು ನೋಡಿ, ಆಮೇಲೆ ಕತ್ತರಿ ಹಾಕಿ.

ಕೈಮಗ್ಗದ ಬಗ್ಗೆಯೂ ಒಂದು ಮಾತು. ಮಗ್ಗಕ್ಕೆ ಕರೆಂಟ್ ಬೇಡ, ಮನೆಯಲ್ಲೇ ಕೆಲಸ. 2019-20ರ ಗಣತಿಯಲ್ಲಿ ದೇಶದಲ್ಲಿ 31 ಲಕ್ಷಕ್ಕೂ ಹೆಚ್ಚು ಕುಟುಂಬಗಳು ಇದನ್ನು ನಂಬಿದ್ದವು. ಕೊಳ್ಳಿ, ಖಂಡಿತ ಕೊಳ್ಳಿ. ಆದರೆ ಕೈಮಗ್ಗ ಎಂದ ಕೂಡಲೇ ಬಣ್ಣವೂ ಶುದ್ಧ ಎಂದುಕೊಳ್ಳಬೇಡಿ. ನೂಲಿಗೆ ಬಣ್ಣ ಹಾಕುವ ಸಣ್ಣ ಮನೆಗಳಲ್ಲಿ ಎಷ್ಟೋ ಕಡೆ ರಾಸಾಯನಿಕ ಬಣ್ಣದ ನೀರು ನೇರ ಚರಂಡಿಗೆ ಹೋಗುತ್ತದೆ. ಅವರಿಗೆ ಶುದ್ಧೀಕರಣ ಘಟಕ ಕಟ್ಟುವ ಶಕ್ತಿ ಎಲ್ಲಿಂದ ಬರಬೇಕು? ಕೋರಾ ಅಥವಾ ತಿಳಿ ಬಣ್ಣ ಕೇಳಿದರೆ ಅವರ ಹೊರೆಯೂ ಇಳಿಯುತ್ತದೆ, ನಿಮ್ಮ ಬೆಲೆಯೂ ಇಳಿಯುತ್ತದೆ.

ಇನ್ನು ನನ್ನ ಅಚ್ಚುಮೆಚ್ಚಿನ ವಿಷಯ: ಮಾರ್ಜಿನ್, ಅಂದರೆ ಹೊಲಿಗೆಯ ಒಳಗೆ ಬಿಡುವ ಹೆಚ್ಚಿನ ಬಟ್ಟೆ. ಫ್ಯಾಷನ್ ಶಾಲೆಗಳಲ್ಲಿ ಇದನ್ನು ಪರಿಸರದ ಪಾಠ ಎಂದು ಯಾರೂ ಹೇಳಿಕೊಡುವುದಿಲ್ಲ. ನಮ್ಮ ಬೀದಿಯ ಟೈಲರ್ ರವಿಕೆ ಹೊಲಿಯುವಾಗ ಎರಡೂ ಮಗ್ಗುಲಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೆ ಬಿಟ್ಟು, ಎರಡು ಮೂರು ಸಾಲು ಹೊಲಿಗೆ ಹಾಕುತ್ತಾರೆ. ಮೈ ಬಂದರೆ ಒಂದು ಹೊಲಿಗೆ ಬಿಚ್ಚಿದರೆ ಆಯಿತು. ಬಾಣಂತನ ಆದ ಮೇಲೂ ಅದೇ ರವಿಕೆ. ಮಕ್ಕಳ ಯೂನಿಫಾರಂ ಲಂಗದ ಅಂಚು ನಾಲ್ಕು ಬೆರಳು ಒಳಗೆ ಮಡಿಚಿ, ವರ್ಷಕ್ಕೊಂದು ಮಡಿಕೆ ಇಳಿಸಿದ್ದು ನೆನಪಿಲ್ವಾ? ರೆಡಿಮೇಡ್ ಕುರ್ತಾ ಒಳಗೆ ತಿರುಗಿಸಿ ನೋಡಿ, ಒಂದು ಸೆಂಟಿಮೀಟರ್ ಬಿಟ್ಟು ಓವರ್‌ಲಾಕ್ ಹೊಡೆದಿರುತ್ತಾರೆ. ಎರಡು ಕೆಜಿ ತೂಕ ಏರಿದರೆ ಆ ಕುರ್ತಾ ಕತೆ ಮುಗಿಯಿತು. ಸಾವಿರಗಟ್ಟಲೆ ಕತ್ತರಿಸುವ ಕಾರ್ಖಾನೆಗೆ ಹಾಗೆ ಉಳಿದ ಒಂದು ಇಂಚು ಲಾಭ. ನಿಮಗೆ ಅಂಥ ಒತ್ತಡ ಇಲ್ಲ. ಸಣ್ಣ ಬೊಟಿಕ್‌ಗೆ ಇರುವ ದೊಡ್ಡ ಅನುಕೂಲ ಇದೇ ಎಂದು ನನಗನಿಸುತ್ತದೆ.

ಕತ್ತರಿಸುವುದರಲ್ಲೂ ಹಳಬರಿಂದ ಕದಿಯಿರಿ. ಕಲಿ, ಅಂದರೆ ಮಗ್ಗುಲಲ್ಲಿ ಓರೆ ಪಟ್ಟಿ, ಇಟ್ಟ ಹಳೆಯ ಜುಬ್ಬಾ ಬಿಚ್ಚಿ ನೆಲದ ಮೇಲೆ ಹರಡಿ. ಎಲ್ಲ ಉದ್ದುದ್ದ ಪಟ್ಟಿ, ಚೌಕ, ತ್ರಿಕೋನ. ಒಂದರ ಪಕ್ಕ ಒಂದು ಇಟ್ಟರೆ ಮಗ್ಗದ ಬಟ್ಟೆ ಮತ್ತೆ ಹಾಗೇ ಕೂಡುತ್ತದೆ. ಕಂಕುಳಲ್ಲಿ ಇಡುವ ಆ ಸಣ್ಣ ಚೌಕ ಇದೆಯಲ್ಲ, ಅದರಿಂದ ಕೈ ಎತ್ತಿದಾಗ ಹೊಲಿಗೆ ಹರಿಯುವುದಿಲ್ಲ. ಈಗಿನ ದುಂಡು ತೋಳಿನ ಮಾದರಿಯಲ್ಲಿ ನೂರು ಮೀಟರಿಗೆ ಹತ್ತು ಹದಿನೈದು ಮೀಟರ್ ಚಿಂದಿಯಾಗುತ್ತದೆ. ಉಳಿದ ಚಿಂದಿ ಎಸೆಯಬೇಡಿ, ಕೌದಿ ಹೊಲಿಯುವ ಹೆಣ್ಣುಮಕ್ಕಳು ನಿಮ್ಮ ಭಾಗದಲ್ಲೂ ಇದ್ದಾರೆ. ಸುಮ್ನೆ ಕೊಡಬೇಡಿ ಕೂಡ, ಕೂಲಿ ಕೊಟ್ಟು ಹೊಲಿಸಿ ಮಾರಿ.

ಸಣ್ಣ ಸಣ್ಣ ಎಚ್ಚರಗಳು: ಕತ್ತರಿಸುವ ಮೊದಲು ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿ. ಹತ್ತಿ ಕುರ್ತಾಗೆ ಪಾಲಿಯೆಸ್ಟರ್ ಲೈನಿಂಗ್ ಕೊಟ್ಟರೆ ಒಂದು ಜಗ್ಗುತ್ತದೆ, ಒಂದು ಕುಗ್ಗುತ್ತದೆ. ಸೊಂಟಕ್ಕೆ ಇಲಾಸ್ಟಿಕ್ ಬದಲು ಲಾಡಿ ಹಾಕಿ, ಬಟ್ಟೆಗಿಂತ ಮೊದಲು ಇಲಾಸ್ಟಿಕ್ ಸಾಯುತ್ತದೆ. ಒಳಗೆ ಒಂದು ಹೆಚ್ಚಿನ ಗುಂಡಿ ಹೊಲಿದಿಡಿ.

ಬೆಲೆಯ ವಿಷಯ. 2025ರ ಸೆಪ್ಟೆಂಬರ್ 22ರಿಂದ ₹2,500ರವರೆಗಿನ ಸಿದ್ಧ ಉಡುಪಿಗೆ ಶೇ 5 ಜಿಎಸ್‌ಟಿ, ಅದು ದಾಟಿದರೆ ಶೇ 18. ಮಾರುವ ಬೆಲೆ ಅದರೊಳಗೆ ಇರಲಿ. ಅದಕ್ಕಾಗಿ ಟೈಲರ್‌ಗಳ ಕೂಲಿ ಕಡಿಯಬೇಡಿ, ಕಸೂತಿ ಕಡಿಮೆ ಮಾಡಿ, ಪ್ಯಾಕಿಂಗ್ ಡಬ್ಬ ಬಿಡಿ. ನಾನಾಗಿದ್ದರೆ ಮೊದಲ ಐವತ್ತರಲ್ಲಿ ಮೂವತ್ತು ಕೋರಾ, ಹದಿನೈದು ತಿಳಿ ಬಣ್ಣ, ಐದು ಮಾತ್ರ ನೈಸರ್ಗಿಕ ನೀಲಿ ಮಾಡುತ್ತಿದ್ದೆ. ಬಟ್ಟೆ ಖಾದಿ ಭಂಡಾರದ್ದೋ ಹತ್ತಿರದ ನೇಕಾರರ ಸಹಕಾರ ಸಂಘದ್ದೋ. ನಿಮ್ಮದು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು. ಹಳೆಯ ಮಿಲ್ ಕೆಲಸಗಾರರು ಸಿಕ್ಕರೆ ಬಟ್ಟೆಯ ತುಂಡೊಂದನ್ನು ಅವರ ಕೈಗೆ ಕೊಟ್ಟು ಮುಟ್ಟಿ ನೋಡಲು ಹೇಳಿ. ಎಷ್ಟೋ ಪ್ರಮಾಣಪತ್ರಗಳಿಗಿಂತ ಅವರ ಬೆರಳು ಸರಿ ಹೇಳುತ್ತದೆ.

ಲೇಬಲ್ ಮೇಲೆ ‘ಪರಿಸರಸ್ನೇಹಿ’ ಎಂದು ಅಚ್ಚು ಹಾಕಿಸುವ ಮೊದಲು ತಡೆಯಿರಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿದೆ. ಪುರಾವೆ ಇಲ್ಲದೆ ಇಂಥ ಸಾರಾಸಗಟು ಪದ ಬಳಸುವುದು ಈಗ ತಪ್ಪು. ಅದರ ಬದಲು ಇದ್ದದ್ದು ಬರೆಯಿರಿ: ‘ಕೈಮಗ್ಗದ ಹತ್ತಿ, ಬಣ್ಣ ಹಾಕಿಲ್ಲ. ಮಗ್ಗುಲಲ್ಲಿ ಒಂದೂವರೆ ಇಂಚು ಬಿಟ್ಟಿದ್ದೇವೆ. ಬಿಗಿಯಾದರೆ ತನ್ನಿ, ಬಿಚ್ಚಿ ಹೊಲಿದು ಕೊಡುತ್ತೇವೆ.’

ಆ ಬಿದಿರಿನ ಬಟ್ಟೆಯ ಸ್ಯಾಂಪಲ್ ತುಂಡು ನಿಮ್ಮ ಹತ್ತಿರ ಇನ್ನೂ ಇದ್ದರೆ, ಇವತ್ತೇ ಒಂದು ನೂಲು ಬಿಚ್ಚಿ ಒದ್ದೆ ಮಾಡಿ ಎಳೆದು ನೋಡಿ. ಹರಿಯಿತಾ ಇಲ್ವಾ ಎಂದು ಬರೆಯಿರಿ.